ವಿಂಡ್ ಕಂಪನಿ ‘ಪುನರ್‌ರಚನೆ’ ಅಂದ ಕೂಡಲೇ ಕೆಲಸಗಳೆಲ್ಲ ದೇಶ ಬಿಡುತ್ತವೆಯೇ? ಹೂಡಿ, ಕೆ.ಆರ್. ಪುರದ ಕಡೆಯಿಂದ ಒಂದು ವಿವರಣೆ

ಗಾಳಿಯಂತ್ರ ತಯಾರಿಸುವ ದೊಡ್ಡ ಕಂಪನಿಯೊಂದು ‘ಪುನರ್‌ರಚನೆ’ ಅಂದರೆ ರೀಸ್ಟ್ರಕ್ಚರಿಂಗ್ ಘೋಷಿಸಿದ ಕೂಡಲೇ ನಮ್ಮ ಮೊಬೈಲುಗಳಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ಒಂದರಲ್ಲಿ, ಯುರೋಪಿನ ಕಾರ್ಖಾನೆ ಮುಚ್ಚಿತು, ಅಲ್ಲಿನ ಕೆಲಸಗಳೆಲ್ಲ ಬೆಂಗಳೂರಿಗೆ ಬರುತ್ತಿವೆ, ಬೇಗ ರೆಸ್ಯುಮೆ ಕಳಿಸಿ ಎಂದಿರುತ್ತದೆ. ಇನ್ನೊಂದರಲ್ಲಿ, ಕಂಪನಿ ವೈಟ್‌ಫೀಲ್ಡ್ ಬಿಟ್ಟು ಹೋಗುತ್ತಿದೆ, ತಿಂಗಳ ಕೊನೆಗೆ ಎಲ್ಲರೂ ಮನೆಗೆ ಎಂದಿರುತ್ತದೆ. ಒಂದೇ ಗ್ರೂಪಿನಲ್ಲಿ ಎರಡೂ ಬರುವುದುಂಟು.

ಇಂಥ ಸಂದೇಶ ನಂಬಿ ಏಜೆಂಟರಿಗೆ ದುಡ್ಡು ಕೊಡುವವರಿದ್ದಾರೆ. ಗಾಬರಿಯಲ್ಲಿ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ಕಾನೂನಿನ ಪ್ರಕಾರ ಬರಬೇಕಾದ ಹಣ ಕಳೆದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಈ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನು ನಾವು ಇಲ್ಲಿ ಹಂತ ಹಂತವಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ:

• ಗಾಳಿಯಂತ್ರದ ಕೆಲಸ ಒಂದೇ ಬಗೆಯದಲ್ಲ. ವಿನ್ಯಾಸದ ಕೆಲಸ ಸುಲಭವಾಗಿ ದೇಶ ದಾಟುತ್ತದೆ. ಕಾರ್ಖಾನೆ ಕೆಲಸ ಕಷ್ಟಪಟ್ಟು ದಾಟುತ್ತದೆ. ಯಂತ್ರ ಏರಿ ರಿಪೇರಿ ಮಾಡುವ ಕೆಲಸ ದಾಟುವುದೇ ಇಲ್ಲ.
• ಒಂದು ದೇಶದಲ್ಲಿ ಹೋದ ಕೆಲಸಗಳಲ್ಲಿ ಬಹಳಷ್ಟು ಇನ್ನೊಂದು ದೇಶಕ್ಕೆ ಹೋಗಿರುವುದಿಲ್ಲ, ಇಲ್ಲವಾಗಿರುತ್ತವೆ ಅಷ್ಟೆ.
• ಕಂಪನಿ ಮಾರಾಟವಾಯಿತು, ಒಡೆದು ಮೂರಾಯಿತು ಅಂದರೆ ಮುಚ್ಚಿತು ಎಂದಲ್ಲ.
• ಕೆಲಸ ಹೋಗುವ ಹೊತ್ತು ಬಂದರೆ ‘ರಾಜೀನಾಮೆ’ ಮತ್ತು ‘ಕೆಲಸದಿಂದ ತೆಗೆದದ್ದು’ ಎರಡಕ್ಕೂ ಲಕ್ಷಗಟ್ಟಲೆ ರೂಪಾಯಿ ವ್ಯತ್ಯಾಸ ಇರಬಹುದು.

ಬೆಂಗಳೂರಿನ ಹೆಸರು ಕ್ರಿಯಾಪದವಾದ ಕಥೆ

2003–04ರ ಸುಮಾರಿಗೆ ಅಮೆರಿಕದ ಇಂಗ್ಲಿಷಿನಲ್ಲಿ ‘ಬ್ಯಾಂಗಲೋರ್ಡ್’ ಎಂಬ ಹೊಸ ಪದ ಚಾಲ್ತಿಗೆ ಬಂತು. ನಿಮ್ಮ ಕೆಲಸವನ್ನು ಕಿತ್ತು ಭಾರತಕ್ಕೆ ಕೊಟ್ಟರೆ ನೀವು ‘ಬ್ಯಾಂಗಲೋರ್ಡ್’ ಆದಿರಿ ಎಂದರ್ಥ. 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಬರಾಕ್ ಒಬಾಮ ತೆರಿಗೆ ನೀತಿಯ ಬಗ್ಗೆ ಮಾತಾಡುವಾಗ ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನ ಎದುರು ಬೆಂಗಳೂರನ್ನೇ ನಿಲ್ಲಿಸಿದರು. ಆಗ ಈ ಚರ್ಚೆ ಹೆಚ್ಚಾಗಿ ಸಾಫ್ಟ್‌ವೇರ್ ಮತ್ತು ಕಾಲ್ ಸೆಂಟರ್‌ಗಳದ್ದಾಗಿತ್ತು. ಆದರೆ ಗಾಳಿಯಂತ್ರದ ಕೆಲಸವೂ ಅಷ್ಟು ಹೊತ್ತಿಗೆ ಈ ಊರಿಗೆ ಕಾಲಿಟ್ಟಿತ್ತು.

ಅಮೆರಿಕದ ಜನರಲ್ ಎಲೆಕ್ಟ್ರಿಕ್, ಅಂದರೆ ಜಿಇ, 2000ದಲ್ಲಿ ಹೂಡಿ ಗ್ರಾಮದ ಬಳಿ ಜಾನ್ ಎಫ್. ವೆಲ್ಚ್ ಟೆಕ್ನಾಲಜಿ ಸೆಂಟರ್ ತೆರೆಯಿತು. ಅಮೆರಿಕದ ಹೊರಗೆ ಆ ಕಂಪನಿ ಕಟ್ಟಿದ ಮೊದಲ ದೊಡ್ಡ ಬಹುವಿಷಯ ಸಂಶೋಧನಾ ಕೇಂದ್ರ ಅದು. ವಿಮಾನ ಎಂಜಿನ್, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳ ಜೊತೆ ಗಾಳಿಯಂತ್ರದ ಎಂಜಿನಿಯರುಗಳೂ ಅಲ್ಲಿ ಕೆಲಸ ಮಾಡತೊಡಗಿದರು. ರೆಕ್ಕೆ ತಯಾರಿಕೆಯಲ್ಲಿ ಹೆಸರಾದ ಡೆನ್ಮಾರ್ಕ್ ಮೂಲದ ಎಲ್‌ಎಂ ಕಂಪನಿ 1990ರ ದಶಕದಲ್ಲೇ ಭಾರತಕ್ಕೆ ಬಂದಿತ್ತು. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಅದರ ಕಾರ್ಖಾನೆ ಇದೆ. 2017ರಲ್ಲಿ ಆ ಕಂಪನಿಯನ್ನು ಜಿಇ ಕೊಂಡುಕೊಂಡಿತು.

ಇದರ ಫಲ 2.7-132 ಎಂಬ ಮಾದರಿಯಲ್ಲಿ ಕಾಣುತ್ತದೆ. ಭಾರತದ ಕಡಿಮೆ ವೇಗದ ಗಾಳಿಗಾಗಿ ಮಾಡಿದ ಈ ಯಂತ್ರವನ್ನು ಮುಖ್ಯವಾಗಿ ಬೆಂಗಳೂರಿನ ಕೇಂದ್ರದಲ್ಲೇ ವಿನ್ಯಾಸ ಮಾಡಲಾಯಿತು. ಹೆಸರಿನಲ್ಲಿರುವ 2.7 ಅದರ ಸಾಮರ್ಥ್ಯ, ಮೆಗಾವ್ಯಾಟ್‌ನಲ್ಲಿ. 132 ಅಂದರೆ ರೆಕ್ಕೆಗಳು ತಿರುಗುವ ವೃತ್ತದ ಅಗಲ, ಮೀಟರ್‌ನಲ್ಲಿ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಇದು ಅಮೆರಿಕದಲ್ಲಿ ಇದ್ದ ಕೆಲಸವನ್ನು ಎತ್ತಿ ಇಲ್ಲಿಟ್ಟದ್ದಲ್ಲ. ಇಲ್ಲಿನ ಗಾಳಿಗೆ, ಇಲ್ಲಿನ ಮಾರುಕಟ್ಟೆಗೆ ಬೇಕಾಗಿ ಹುಟ್ಟಿದ ಹೊಸ ಕೆಲಸ.

ಒಂದು ಗಾಳಿಯಂತ್ರ, ನಾಲ್ಕು ಬಗೆಯ ಕೆಲಸ

ಯಾವ ಕೆಲಸ ದೇಶ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದನ್ನು ಸಂಬಳದ ಜೊತೆಗೆ ಸಾಮಾನಿನ ಗಾತ್ರ, ತೂಕ ಮತ್ತು ದಾರಿಯೂ ತೀರ್ಮಾನಿಸುತ್ತವೆ.

1. ವಿನ್ಯಾಸ. ರೆಕ್ಕೆಯ ಆಕಾರ ಲೆಕ್ಕ ಹಾಕುವುದು, ಗೇರ್‌ಬಾಕ್ಸ್ ಎಷ್ಟು ಭಾರ ತಡೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು, ಕಂಟ್ರೋಲ್ ಸಾಫ್ಟ್‌ವೇರ್ ಬರೆಯುವುದು, ಇವೆಲ್ಲ ಕಡೆಗೆ ಒಂದು ಫೈಲ್. ಫೈಲಿಗೆ ಲಾರಿ ಬೇಡ, ಬಂದರು ಬೇಡ. ಹೂಡಿಯಲ್ಲಿ ಕುಳಿತವರು ಜರ್ಮನಿಯ ಯಂತ್ರಕ್ಕೆ ಕೆಲಸ ಮಾಡಬಹುದು. ಹಾಗೆಯೇ ಹೂಡಿಯ ಕೆಲಸವನ್ನು ಬೇರೆ ದೇಶದವರೂ ಮಾಡಬಹುದು. ಎಲ್ಲಕ್ಕಿಂತ ಸುಲಭವಾಗಿ ಜಾಗ ಬದಲಿಸುವ ಕೆಲಸ ಇದೇ.

2. ರೆಕ್ಕೆ ತಯಾರಿಕೆ. 132 ಮೀಟರ್ ವೃತ್ತದ ಯಂತ್ರಕ್ಕೆ ಒಂದೊಂದು ರೆಕ್ಕೆಯೂ ಸುಮಾರು 65 ಮೀಟರ್ ಉದ್ದ ಇರುತ್ತದೆ. ನಮ್ಮ ಮೆಟ್ರೊದ ಮೂರು ಬೋಗಿ ಸೇರಿದರೆ ಎಷ್ಟೋ ಅಷ್ಟು. ಅದನ್ನು ಮಧ್ಯದಲ್ಲಿ ಮಡಚಲು ಆಗುವುದಿಲ್ಲ. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಇಂಥ ಲಾರಿಯೊಂದು ತಿರುವು ತೆಗೆದುಕೊಳ್ಳುವುದನ್ನು ಊಹಿಸಿಕೊಂಡರೆ ಕಷ್ಟ ಏನೆಂದು ಗೊತ್ತಾಗುತ್ತದೆ. ಹಾಗಾಗಿ ರೆಕ್ಕೆ ಕಾರ್ಖಾನೆಗಳು ಹೆದ್ದಾರಿ ಅಥವಾ ಬಂದರಿನ ಹತ್ತಿರ, ಮಾರುಕಟ್ಟೆಗೆ ಸಮೀಪ ಇರುತ್ತವೆ.

ಇನ್ನೊಂದು ಕಾರಣ ಕೈಕೆಲಸ. ಗಾಜಿನ ನಾರಿನ ಬಟ್ಟೆಯನ್ನು ದೊಡ್ಡ ಅಚ್ಚಿನೊಳಗೆ ಪದರ ಪದರವಾಗಿ ಹಾಸಬೇಕು. ನಡುವೆ ಬಾಲ್ಸಾ ಮರ ಅಥವಾ ಫೋಮ್ ಇಡಬೇಕು. ಮೇಲೆ ಪ್ಲಾಸ್ಟಿಕ್ ಹೊದಿಸಿ ಗಾಳಿ ಎಳೆದು ರಾಳ ತುಂಬಬೇಕು. ಗಟ್ಟಿಯಾದ ಎರಡು ಭಾಗಗಳನ್ನು ಅಂಟಿಸಿ ಉಜ್ಜಿ ನಯ ಮಾಡಬೇಕು. ಇದರಲ್ಲಿ ಯಂತ್ರಕ್ಕಿಂತ ಜನರ ಪಾಲು ಹೆಚ್ಚು. ಆದ್ದರಿಂದ ಸಂಬಳ ಹೆಚ್ಚಿರುವ ದೇಶದಲ್ಲಿ ರೆಕ್ಕೆಯ ಬೆಲೆಯೂ ಏರುತ್ತದೆ. ಹಡಗಿನಲ್ಲಿ ತರುವ ಖರ್ಚು ಸೇರಿಸಿದರೂ ಬೇರೆ ದೇಶದ್ದೇ ಅಗ್ಗವಾದಾಗ ಕಾರ್ಖಾನೆ ಮುಚ್ಚುವ ಮಾತು ಶುರುವಾಗುತ್ತದೆ.

3. ಜೋಡಣೆ ಮತ್ತು ಗೋಪುರ. ಜನರೇಟರ್, ಗೇರ್‌ಬಾಕ್ಸ್ ಕೂಡಿಸುವ ಕೆಲಸ ಬೇರೆ ದೇಶಕ್ಕೆ ಹೋಗಬಲ್ಲದು. ಗೋಪುರ ಬರೀ ಉಕ್ಕಿನ ಭಾರ. ಅದನ್ನು ಸಾಮಾನ್ಯವಾಗಿ ಸಾಧ್ಯವಾದಷ್ಟು ಹತ್ತಿರದಲ್ಲೇ ಮಾಡುತ್ತಾರೆ.

4. ನಿಲ್ಲಿಸುವುದು ಮತ್ತು ನೋಡಿಕೊಳ್ಳುವುದು. ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತ ಅಥವಾ ಗದಗದ ಬಯಲಿನಲ್ಲಿ ನಿಂತಿರುವ ಯಂತ್ರದ ಬೋಲ್ಟ್ ಬಿಗಿ ಮಾಡಲು ಅಲ್ಲಿಗೇ ಹೋಗಬೇಕು, ಏಣಿ ಹತ್ತಬೇಕು. ಈ ಕೆಲಸ ಗಾಳಿ ಇರುವ ಕಡೆಯೇ ಇರುತ್ತದೆ. 2024–25ರಲ್ಲಿ ದೇಶದಲ್ಲೇ ಅತಿ ಹೆಚ್ಚು, 1,331 ಮೆಗಾವ್ಯಾಟ್ ಹೊಸ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿದ ರಾಜ್ಯ ಕರ್ನಾಟಕ. ಆ ಯಂತ್ರಗಳು ಇರುವವರೆಗೂ ಅವನ್ನು ನೋಡಿಕೊಳ್ಳುವ ಕೈಗಳೂ ಇಲ್ಲೇ ಬೇಕು. ಆದರೆ ದೂರದಿಂದ ಪರದೆಯ ಮೇಲೆ ಯಂತ್ರಗಳನ್ನು ಗಮನಿಸುವ ಕಂಟ್ರೋಲ್ ರೂಮ್ ಕೆಲಸ ಮಾತ್ರ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋಗಬಲ್ಲದು.

ಆದ್ದರಿಂದ ‘ವಿಂಡ್ ಕೆಲಸ ಹೋಯಿತು’ ಎಂಬ ಸಂದೇಶ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಈ ನಾಲ್ಕರಲ್ಲಿ ಯಾವುದು?

ಕಾರ್ಖಾನೆ ಮುಚ್ಚಿದ ಮೂರು ಪ್ರಸಂಗಗಳು

ಯುರೋಪಿನಲ್ಲಿ ಮುಚ್ಚಿದ್ದೆಲ್ಲ ಭಾರತಕ್ಕೆ ಬಂತು ಎಂಬ ನಂಬಿಕೆ ಎಷ್ಟು ಸರಿ? ಮೂರು ಉದಾಹರಣೆ ನೋಡೋಣ.

ಬ್ರಿಟನ್ನಿನ ಐಲ್ ಆಫ್ ವೈಟ್, 2009. ಡೆನ್ಮಾರ್ಕಿನ ವೆಸ್ಟಾಸ್ ಕಂಪನಿ ಅಲ್ಲಿನ ನ್ಯೂಪೋರ್ಟ್ ಊರಿನ ರೆಕ್ಕೆ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. 400ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಳ್ಳುವವರಿದ್ದರು. ಜುಲೈ 20ರಂದು ಕೆಲವು ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು ಧರಣಿ ಹೂಡಿದರು. 18 ದಿನಗಳ ನಂತರ ಅವರನ್ನು ಹೊರಗೆ ಕಳಿಸಲಾಯಿತು. ಆ ಕೆಲಸ ಹೋದದ್ದು ಅಗ್ಗದ ಸಂಬಳದ ದೇಶಕ್ಕಲ್ಲ, ಅಮೆರಿಕದ ಕೊಲರಾಡೊಗೆ. ಅಲ್ಲಿ ಮಾಡುತ್ತಿದ್ದ ರೆಕ್ಕೆಗಳು ಅಮೆರಿಕದ ಮಾರುಕಟ್ಟೆಗೇ ಹೋಗುತ್ತಿದ್ದವು. ಮಾರುಕಟ್ಟೆಯ ಪಕ್ಕದಲ್ಲೇ ಹೊಸ ಕಾರ್ಖಾನೆ ಸಿದ್ಧವಾದ ಮೇಲೆ ಸಾಗರ ದಾಟಿಸುವ ಖರ್ಚು ಏಕೆ ಎಂಬುದು ಕಂಪನಿಯ ಲೆಕ್ಕ.

ಸ್ಪೇನಿನ ಆವೊಯಿಸ್, 2020. ಸೀಮೆನ್ಸ್ ಗಮೇಸಾ ಕಂಪನಿ ಅಲ್ಲಿನ ರೆಕ್ಕೆ ಕಾರ್ಖಾನೆ ಮುಚ್ಚಿತು. 239 ಜನರ ಕೆಲಸ ಹೋಯಿತು. ಅದೇ ವರ್ಷದ ಆರಂಭದಲ್ಲಿ ಇದೇ ಕಂಪನಿ ಪಕ್ಕದ ಪೋರ್ಚುಗಲ್ಲಿನ ವಾಗೋಸ್‌ನಲ್ಲಿದ್ದ ಕಾರ್ಖಾನೆಯೊಂದನ್ನು, ದಿವಾಳಿಯಾದ ಸೆನ್ವಿಯಾನ್ ಕಂಪನಿಯಿಂದ ಕೊಂಡಿತ್ತು. ಕಡಿಮೆ ವೆಚ್ಚದ ಜಾಗ ಯುರೋಪಿನೊಳಗೇ ಸಿಕ್ಕಿತ್ತು.

ಜರ್ಮನಿಯ ರೋಸ್ಟಾಕ್, 2022. ನಾರ್ಡೆಕ್ಸ್ ಕಂಪನಿ ಸುಮಾರು 600 ಜನ ಕೆಲಸ ಮಾಡುತ್ತಿದ್ದ ರೆಕ್ಕೆ ಕಾರ್ಖಾನೆಯನ್ನು ಜೂನ್ ಕೊನೆಗೆ ನಿಲ್ಲಿಸಿತು. ಬೆಲೆಯ ಪೈಪೋಟಿಯಲ್ಲಿ ಜರ್ಮನಿಯಲ್ಲಿ ರೆಕ್ಕೆ ಮಾಡಿ ಪೂರೈಸುವುದಿಲ್ಲ ಎಂಬುದು ಅದರ ವಾದ. ಈ ಕಂಪನಿಗೆ ಚೆನ್ನೈ ಸಮೀಪ ಕಾರ್ಖಾನೆ ಇದೆ. ಹೀಗಾಗಿ ‘ಭಾರತಕ್ಕೆ ಹೋಯಿತು’ ಎಂಬ ಮಾತು ಹೆಚ್ಚು ಹೊಂದುವುದು ಈ ಮೂರನೆಯ ಪ್ರಸಂಗಕ್ಕೆ. ಅಲ್ಲೂ ಬಂದದ್ದು ಚೆನ್ನೈ ಕಡೆಗೆ, ಬೆಂಗಳೂರಿನ ಆಫೀಸಿಗಲ್ಲ.

ಎಲ್ಲಿಗೂ ಹೋಗದೆ ಇಲ್ಲವಾಗುವ ಕೆಲಸಗಳು

ಫಾರ್ವರ್ಡ್‌ಗಳು ಒಂದು ವಿಷಯ ಹೇಳುವುದೇ ಇಲ್ಲ. ಕಳೆದುಹೋದ ಕೆಲಸಗಳಲ್ಲಿ ದೊಡ್ಡ ಪಾಲು ಯಾವ ದೇಶಕ್ಕೂ ಹೋಗಿರುವುದಿಲ್ಲ. ಇದಕ್ಕೆ ನಾಲ್ಕು ಕಾರಣಗಳಿವೆ.

ಯಂತ್ರ ದೊಡ್ಡದಾಗುವುದು. ಗಾಳಿಯಂತ್ರ ಹಿಡಿಯುವ ಶಕ್ತಿ ರೆಕ್ಕೆ ತಿರುಗುವ ವೃತ್ತದ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ. ಜಿಇಯ ಹಳೆಯ 1.5 ಮೆಗಾವ್ಯಾಟ್ ಯಂತ್ರದ ವೃತ್ತ 77 ಮೀಟರ್. 132 ಮೀಟರಿಗೆ ಹೋದರೆ ವಿಸ್ತೀರ್ಣ ಸುಮಾರು 3 ಪಟ್ಟು ಆಗುತ್ತದೆ. ಅಂದರೆ ಅಷ್ಟೇ ಕರೆಂಟಿಗೆ ಕಡಿಮೆ ಯಂತ್ರ ಸಾಕು. ಜೊತೆಗೆ ಹಳೆಯ ಅಚ್ಚುಗಳು ಕೆಲಸಕ್ಕೆ ಬಾರದಂತಾಗುತ್ತವೆ. ಹೊಸ ಉದ್ದದ ಅಚ್ಚು ಹಿಡಿಸದ ಶೆಡ್ಡು ಇರುವ ಕಾರ್ಖಾನೆ ಮೊದಲು ಮುಚ್ಚುತ್ತದೆ.

ಸರ್ಕಾರದ ನೀತಿ ಬದಲಾಗುವುದು. ಭಾರತದಲ್ಲಿ 2016–17ರಲ್ಲಿ ಸುಮಾರು 5,500 ಮೆಗಾವ್ಯಾಟ್ ಗಾಳಿ ವಿದ್ಯುತ್ ಸೇರಿತ್ತು. ಆವರೆಗೆ ಸರ್ಕಾರ ನಿಗದಿ ಮಾಡಿದ ದರ ಇತ್ತು. 2017ರ ಫೆಬ್ರವರಿಯಲ್ಲಿ ಹರಾಜು ಪದ್ಧತಿ ಬಂತು. ಯಾರು ಕಡಿಮೆ ದರಕ್ಕೆ ಕೊಡುತ್ತಾರೋ ಅವರಿಗೆ ಗುತ್ತಿಗೆ. ಮೊದಲ ಹರಾಜಿನಲ್ಲಿ ಯೂನಿಟ್ಟಿಗೆ 3.46 ರೂಪಾಯಿ ಇದ್ದ ದರ ಅದೇ ವರ್ಷದ ಡಿಸೆಂಬರಿನಲ್ಲಿ 2.43ಕ್ಕೆ ಇಳಿಯಿತು. ಮರುವರ್ಷ, ಅಂದರೆ 2017–18ರಲ್ಲಿ ಸೇರಿದ್ದು ಸುಮಾರು 1,770 ಮೆಗಾವ್ಯಾಟ್ ಮಾತ್ರ. ಆರ್ಡರ್ ಇಲ್ಲದೆ ಹಲವು ತಯಾರಕರು ಕುಸಿದರು. ಆ ಕೆಲಸಗಳನ್ನು ಯಾವ ವಿದೇಶವೂ ಕದ್ದಿರಲಿಲ್ಲ.

ಎರಡು ಕಂಪನಿ ಒಂದಾಗುವುದು. 2017ರ ಏಪ್ರಿಲ್‌ನಲ್ಲಿ ಸೀಮೆನ್ಸಿನ ವಿಂಡ್ ವಿಭಾಗವೂ ಸ್ಪೇನಿನ ಗಮೇಸಾವೂ ಸೇರಿದವು. ಅದೇ ವರ್ಷದ ನವೆಂಬರಿನಲ್ಲಿ 24 ದೇಶಗಳಲ್ಲಿ ಒಟ್ಟು 6,000ದವರೆಗೆ ಕೆಲಸ ಕಡಿಮೆ ಮಾಡುವ ಯೋಜನೆ ಪ್ರಕಟವಾಯಿತು. ಎರಡು ಕಂಪನಿಗಳಲ್ಲೂ ಒಂದೇ ಕೆಲಸ ಮಾಡುವವರಿದ್ದರೆ ಒಬ್ಬರು ಹೆಚ್ಚಾಗುತ್ತಾರೆ.

ಯಂತ್ರದಲ್ಲಿ ದೋಷ ಬರುವುದು. 2023ರಲ್ಲಿ ಸೀಮೆನ್ಸ್ ಗಮೇಸಾದ 4.X ಮತ್ತು 5.X ಮಾದರಿಗಳಲ್ಲಿ ಗುಣಮಟ್ಟದ ತೊಂದರೆ ಕಂಡಿತು. ಮಾತೃ ಕಂಪನಿ ಸೀಮೆನ್ಸ್ ಎನರ್ಜಿ ಆ ಹಣಕಾಸು ವರ್ಷದಲ್ಲಿ ಸುಮಾರು 460 ಕೋಟಿ ಯೂರೊ ನಷ್ಟ ತೋರಿಸಿತು. ಮರುವರ್ಷ ಸುಮಾರು 4,100 ಕೆಲಸ ಕಡಿಮೆ ಮಾಡುವುದಾಗಿ ಹೇಳಿತು.

ಇಷ್ಟು ತಿಳಿದ ಮೇಲೆ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ

ನಂಬಿಕೆ: ಅಲ್ಲಿ 4,100 ಕೆಲಸ ಹೋದರೆ ಇಲ್ಲಿ 4,100 ಕೆಲಸ ಬರುತ್ತದೆ.
ನಿಜ: ಘೋಷಣೆಯ ಸಂಖ್ಯೆ ‘ಇಷ್ಟರವರೆಗೆ’ ಎಂಬ ಗರಿಷ್ಠ ಲೆಕ್ಕ. ಅದರಲ್ಲಿ ನಿವೃತ್ತಿಯಾಗುವವರು, ಬೇರೆ ವಿಭಾಗಕ್ಕೆ ಹೋಗುವವರು ಸೇರಿರುತ್ತಾರೆ. ಸೀಮೆನ್ಸ್ ಎನರ್ಜಿಯಲ್ಲೇ ವಿಂಡ್ ವಿಭಾಗ ಕುಗ್ಗುತ್ತಿದ್ದ 2024ರಲ್ಲಿ, ವಿದ್ಯುತ್ ಜಾಲದ ವಿಭಾಗಕ್ಕೆ ಮುಂದಿನ ವರ್ಷಗಳಲ್ಲಿ 10,000 ಜನರನ್ನು ತೆಗೆದುಕೊಳ್ಳುವ ಯೋಜನೆ ಇತ್ತು.

ನಂಬಿಕೆ: ಕಂಪನಿ ಒಡೆದು ಹೋಯಿತು, ಇನ್ನು ಮುಚ್ಚುವುದೇ ಬಾಕಿ.
ನಿಜ: ಜಿಇ ಮೂರು ಭಾಗವಾಯಿತು. ಆರೋಗ್ಯ ವಿಭಾಗ 2023ರ ಜನವರಿಯಲ್ಲಿ ಬೇರೆಯಾಯಿತು. 2024ರ ಏಪ್ರಿಲ್ 2ರಂದು ಇಂಧನ ವಿಭಾಗ ಜಿಇ ವರ್ನೋವಾ ಎಂಬ ಸ್ವತಂತ್ರ ಕಂಪನಿಯಾಯಿತು. ವಿಮಾನ ಎಂಜಿನ್ ವಿಭಾಗ ಜಿಇ ಏರೋಸ್ಪೇಸ್ ಆಯಿತು. ಅಪಾಯಿಂಟ್‌ಮೆಂಟ್ ಲೆಟರಿನ ಮೇಲಿನ ಹೆಸರು ಬದಲಾಗುವುದು ಕೆಲಸ ಹೋಗುವುದಕ್ಕೆ ಸಮವಲ್ಲ. ಆದರೆ ವಿಂಡ್ ಒಂದೇ ನಷ್ಟದಲ್ಲಿದ್ದರೆ, ಮೊದಲಿನಂತೆ ಬೇರೆ ವಿಭಾಗದ ಲಾಭ ಅದನ್ನು ಕಾಯುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಜಿಇ ವರ್ನೋವಾ ಸಮುದ್ರದ ಗಾಳಿಯಂತ್ರಗಳ ವಿಭಾಗದಲ್ಲಿ ಜಗತ್ತಿನಾದ್ಯಂತ 900ರವರೆಗೆ ಕೆಲಸ ಕಡಿತದ ಪ್ರಸ್ತಾಪ ಮುಂದಿಟ್ಟಿತು.

ನಂಬಿಕೆ: ವಿದೇಶಿ ಕಂಪನಿ ಭಾರತದ ವ್ಯವಹಾರ ಮಾರಿತು, ಇಲ್ಲಿನವರೆಲ್ಲ ಬೀದಿಗೆ.
ನಿಜ: 2025ರ ಮಾರ್ಚಿನಲ್ಲಿ ಸೀಮೆನ್ಸ್ ಗಮೇಸಾ ತನ್ನ ಭಾರತ ಮತ್ತು ಶ್ರೀಲಂಕಾದ ನೆಲದ ಮೇಲಿನ ಗಾಳಿಯಂತ್ರ ವ್ಯವಹಾರದ 90 ಶೇಕಡಾ ಪಾಲನ್ನು ಟಿಪಿಜಿ ನೇತೃತ್ವದ ಹೂಡಿಕೆದಾರರಿಗೆ ಕೊಡುವ ಒಪ್ಪಂದ ಮಾಡಿಕೊಂಡಿತು. ಸುಮಾರು 1,000 ನೌಕರರೂ ಎರಡು ಕಾರ್ಖಾನೆಗಳೂ ಹೊಸ ಕಂಪನಿಗೆ ಹೋಗುವುದು ಆ ಒಪ್ಪಂದದ ಭಾಗವಾಗಿತ್ತು. ಇಂಥ ಮಾರಾಟದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಹಳೆಯ ಸೇವಾವಧಿ ಲೆಕ್ಕಕ್ಕೆ ಬರುತ್ತದೆಯೇ, ಸಂಬಳ ಮತ್ತು ಷರತ್ತುಗಳು ಮೊದಲಿಗಿಂತ ಕಡಿಮೆಯಾಗದೆ ಉಳಿಯುತ್ತವೆಯೇ? ಉತ್ತರ ಬರಹದಲ್ಲಿ ಇರಬೇಕು.

ನಂಬಿಕೆ: ಬೆಂಗಳೂರಿಗೆ ಕೆಲಸ ಬರುತ್ತದೆ, ಬೆಂಗಳೂರಿನಿಂದ ಹೋಗುವುದಿಲ್ಲ.
ನಿಜ: ಇದಕ್ಕೆ ಉತ್ತರ ಹಳೆ ಮದ್ರಾಸು ರಸ್ತೆಯಲ್ಲೇ ಇದೆ.

ಹಳೆ ಮದ್ರಾಸು ರಸ್ತೆ ಹೇಳುವ ಪಾಠ

ಹಲಸೂರಿನಿಂದ ಇಂದಿರಾನಗರ ದಾಟಿ ಬೈಯಪ್ಪನಹಳ್ಳಿಗೆ ಬಂದರೆ ಎನ್‌ಜಿಇಎಫ್ ಕಾರ್ಖಾನೆ ಇದ್ದ ಜಾಗ ಸಿಗುತ್ತದೆ. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ 1956ರಲ್ಲಿ ಶುರುವಾದ ಈ ಸರ್ಕಾರಿ ಕಾರ್ಖಾನೆ ಟ್ರಾನ್ಸ್‌ಫಾರ್ಮರ್, ಮೋಟಾರು, ಸ್ವಿಚ್‌ಗೇರ್ ಮಾಡುತ್ತಿತ್ತು. ಸುತ್ತಲ ಬಡಾವಣೆಗಳ ಎಷ್ಟೋ ಮನೆಗಳು ಅದರ ಸಂಬಳದಲ್ಲಿ ನಡೆದವು. 2002ರ ಹೊತ್ತಿಗೆ ಅದು ಮುಚ್ಚಿತು.

ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಕಡೆ ಹೋದರೆ ದೂರವಾಣಿನಗರ. 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಹೆಸರಿನಿಂದಲೇ ಆ ಊರು ಹುಟ್ಟಿತು. ಡಯಲ್ ತಿರುಗಿಸುವ ಫೋನುಗಳ ಕಾಲದಲ್ಲಿ ಅಲ್ಲಿ ಸಾವಿರಾರು ಕೈಗಳು ಬೇಕಿದ್ದವು. ಎಕ್ಸ್‌ಚೇಂಜುಗಳು ಎಲೆಕ್ಟ್ರಾನಿಕ್ ಆದವು, 1991ರ ನಂತರ ಮಾರುಕಟ್ಟೆ ತೆರೆಯಿತು, ಸ್ವಯಂ ನಿವೃತ್ತಿ ಯೋಜನೆಗಳು ಬಂದವು. ಕಾರ್ಖಾನೆ ಇಂದಿಗೂ ಇದೆ, ಹಿಂದಿನಷ್ಟು ಕೆಲಸಗಾರರಿಲ್ಲ.

ಅಲ್ಲಿಂದ ಮೆಟ್ರೊದಲ್ಲಿ ಮೂರು ನಿಲ್ದಾಣ ಮುಂದೆ ಹೋದರೆ ಹೂಡಿ. ಹಳೆಯ ಕಾರ್ಖಾನೆ ಕುಗ್ಗಿದ ಕಾಲದಲ್ಲೇ ಹೊಸ ವಿನ್ಯಾಸ ಕೇಂದ್ರ ಬೆಳೆಯಿತು. ಆದರೆ ಎನ್‌ಜಿಇಎಫ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದ ಕೈಗೆ ಹೂಡಿಯ ಕಂಪ್ಯೂಟರ್ ಕೆಲಸ ಸಿಗಲಿಲ್ಲ. ಊರಿನ ಒಟ್ಟು ಉದ್ಯೋಗದ ಲೆಕ್ಕ ಏರಿದರೂ ಕೆಲಸ ಕಳೆದುಕೊಂಡ ಮನೆಯ ಲೆಕ್ಕ ಬೇರೆಯೇ ಇರುತ್ತದೆ. ಇದು ಐಲ್ ಆಫ್ ವೈಟ್‌ಗೂ ನಿಜ, ಬೈಯಪ್ಪನಹಳ್ಳಿಗೂ ನಿಜ.

ಬೆಂಗಳೂರಿನ ವಿನ್ಯಾಸ ಕೆಲಸಕ್ಕೂ ಅಪಾಯ ಇಲ್ಲದಿಲ್ಲ. ಫೈಲ್ ಆಗಿ ಬಂದದ್ದು ಫೈಲ್ ಆಗಿಯೇ ಹೋಗಬಹುದು. ಒಂದು ಮಾದರಿಯ ಯಂತ್ರವನ್ನೇ ಕಂಪನಿ ನಿಲ್ಲಿಸಿದರೆ ಅದರ ವಿನ್ಯಾಸ ತಂಡವೂ ನಿಲ್ಲುತ್ತದೆ, ತಂಡ ಯಾವ ದೇಶದಲ್ಲಿದ್ದರೂ ಸರಿ.

ಕೆಲಸ ಉಳಿಸುವ ಬಲವೂ ಇದೆ. ಕರ್ನಾಟಕ ಸರ್ಕಾರ 2024ರ ನವೆಂಬರಿನಲ್ಲಿ ವಿದೇಶಿ ಕಂಪನಿಗಳ ಇಂಥ ಕೇಂದ್ರಗಳಿಗಾಗಿಯೇ ನೀತಿ ತಂದು, 2029ರೊಳಗೆ 500 ಹೊಸ ಕೇಂದ್ರ ಮತ್ತು 3.5 ಲಕ್ಷ ಉದ್ಯೋಗದ ಗುರಿ ಇಟ್ಟಿತು. ಕೇಂದ್ರ ಸರ್ಕಾರ 2025ರ ಜುಲೈ 31ರಂದು ಗಾಳಿಯಂತ್ರಗಳ ನಿಯಮ ಬಿಗಿ ಮಾಡಿತು. ರೆಕ್ಕೆ, ಗೋಪುರ, ಗೇರ್‌ಬಾಕ್ಸ್, ಜನರೇಟರ್‌ನಂಥ ಮುಖ್ಯ ಭಾಗಗಳು ಸರ್ಕಾರದ ಪಟ್ಟಿಯಲ್ಲಿರುವ ತಯಾರಕರಿಂದಲೇ ಬರಬೇಕು. ಯಂತ್ರಗಳ ದತ್ತಾಂಶ ಮತ್ತು ನಿಯಂತ್ರಣ ಭಾರತದೊಳಗೇ ಇರಬೇಕು. ಕಂಪನಿಗೆ ಭಾರತದಲ್ಲಿ ಸಂಶೋಧನಾ ಕೇಂದ್ರ ಇರಬೇಕು. ಮೇಲೆ ಹೇಳಿದ ಕಂಟ್ರೋಲ್ ರೂಮ್ ಕೆಲಸ ದೇಶ ಬಿಡದಂತೆ ಈ ನಿಯಮ ತಡೆಯುತ್ತದೆ.

ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ: ಸಹಿ ಹಾಕುವ ಮುನ್ನ

ಇದನ್ನು ಮಾತ್ರ ನಿಧಾನವಾಗಿ ಓದಿ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ನಿಮ್ಮ ತಪ್ಪಿಲ್ಲದೆ, ಕಂಪನಿಗೆ ಬೇಡವಾದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದನ್ನು ಕಾನೂನು ‘ರಿಟ್ರೆಂಚ್‌ಮೆಂಟ್’ ಎನ್ನುತ್ತದೆ. ಒಂದು ವರ್ಷ ಸತತವಾಗಿ ಕೆಲಸ ಮಾಡಿದ ‘ಕೆಲಸಗಾರ’ನಿಗೆ ಆಗ ಸಿಗಬೇಕಾದ್ದು ಇಷ್ಟು:

• ಒಂದು ತಿಂಗಳ ನೋಟಿಸ್, ಇಲ್ಲವೇ ಒಂದು ತಿಂಗಳ ಸಂಬಳ.
• ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ.
• ಮರುಕೌಶಲ ನಿಧಿಯ ಮೂಲಕ ಇನ್ನೂ 15 ದಿನಗಳ ವೇತನ.
• 5 ವರ್ಷ ತುಂಬಿದ್ದರೆ ಗ್ರಾಚ್ಯುಟಿ. ಇದು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಒಂದು ವರ್ಷದ ಸೇವೆಯೇ ಸಾಕು.
• ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ.

‘ನಾನು ಎಂಜಿನಿಯರ್, ಸಂಬಳ ಹೆಚ್ಚು, ಈ ಕಾನೂನು ನನಗಲ್ಲ’ ಎಂದು ಹಲವರು ಅಂದುಕೊಳ್ಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಕಾನೂನು ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು. ತಾಂತ್ರಿಕ ಕೆಲಸ ಮಾಡುವವರಿಗೆ ಸಂಬಳದ ಮಿತಿ ಇಲ್ಲ. ಮ್ಯಾನೇಜರ್ ಮತ್ತು ಆಡಳಿತದ ಕೆಲಸದವರು ಇದರ ಹೊರಗಿದ್ದಾರೆ. ಮೇಲ್ವಿಚಾರಕರ ಕೆಲಸ ಮಾಡುತ್ತ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರೂ ಹೊರಗಿದ್ದಾರೆ. ‘ಮ್ಯಾನೇಜರ್’ ಎಂದು ಕಾರ್ಡಿನಲ್ಲಿ ಬರೆದಿದ್ದರೂ ಇಡೀ ದಿನ ನಕ್ಷೆ ಮಾಡುವವರಾದರೆ ವಾದಕ್ಕೆ ಜಾಗವಿದೆ.

ಒಂದು ಲೆಕ್ಕ ನೋಡೋಣ. ಮೂಲ ವೇತನ ಮತ್ತು ಡಿಎ ಸೇರಿ ತಿಂಗಳಿಗೆ 40,000 ರೂಪಾಯಿ, ಸೇವೆ 8 ವರ್ಷ ಎಂದುಕೊಳ್ಳಿ. ನೋಟಿಸ್ ಬದಲು 40,000. ವರ್ಷಕ್ಕೆ ಅರ್ಧ ತಿಂಗಳಿನಂತೆ 8 ವರ್ಷಕ್ಕೆ 1,60,000. ಮರುಕೌಶಲ ನಿಧಿಯಿಂದ ಸುಮಾರು 20,000. ಗ್ರಾಚ್ಯುಟಿ 40,000 × 15 ÷ 26 × 8, ಅಂದರೆ ಸುಮಾರು 1,84,600. ಒಟ್ಟು 4 ಲಕ್ಷ ದಾಟುತ್ತದೆ. ಅದೇ ವ್ಯಕ್ತಿ ‘ವೈಯಕ್ತಿಕ ಕಾರಣದಿಂದ ರಾಜೀನಾಮೆ’ ಎಂದು ಬರೆದುಕೊಟ್ಟರೆ ಕಾನೂನಿನ ಪ್ರಕಾರ ಖಚಿತವಾಗಿ ಉಳಿಯುವುದು ಗ್ರಾಚ್ಯುಟಿ ಮಾತ್ರ. ಒಂದು ಸಹಿಗೆ 2,20,000 ರೂಪಾಯಿ ವ್ಯತ್ಯಾಸ.

ಕಂಪನಿ ಇದಕ್ಕಿಂತ ಹೆಚ್ಚು ಹಣ ಕೊಟ್ಟು ರಾಜೀನಾಮೆ ಕೇಳುವುದೂ ಉಂಟು. ಆಗ ಎರಡನ್ನೂ ಹೋಲಿಸಿ ತೀರ್ಮಾನಿಸಿ. ಕೊಡುವ ಮೊತ್ತ ಪತ್ರದಲ್ಲಿ ಅಂಕಿಗಳಲ್ಲೇ ಇರಲಿ. ‘ಇವತ್ತು ಸಂಜೆಯೊಳಗೆ ಸಹಿ ಹಾಕಿ’ ಎಂದರೆ ಪತ್ರದ ಪ್ರತಿ ಕೇಳಿ, ಓದಿಸಿ ತಂದು ಆಮೇಲೆ ಮಾತಾಡುತ್ತೇನೆ ಎನ್ನಿ.

ಕಾರ್ಖಾನೆಯಲ್ಲಿದ್ದರೆ ಇನ್ನೊಂದು ನಿಯಮವೂ ಇದೆ. 300 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಜನರನ್ನು ತೆಗೆಯಲು ಅಥವಾ ಮುಚ್ಚಲು ಸರ್ಕಾರದ ಅನುಮತಿ ಪಡೆಯಬೇಕು. ಹಿಂದಿನ ಕಾನೂನಿನಲ್ಲಿ ಈ ಮಿತಿ 100 ಇತ್ತು. ಇದು ಆಫೀಸುಗಳಿಗೆ ಅನ್ವಯಿಸುವುದಿಲ್ಲ. ಗುತ್ತಿಗೆದಾರನ ಮೂಲಕ ಕೆಲಸ ಮಾಡುತ್ತಿದ್ದು ಆತ ಸಂಬಳ ಕೊಡದಿದ್ದರೆ ಮುಖ್ಯ ಕಂಪನಿಯೇ ಕೊಡಬೇಕಾಗುತ್ತದೆ.

ತಕರಾರು ಇದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಮಿಕ ಇಲಾಖೆಗೆ ಬರೆದುಕೊಡಬಹುದು. ಕೆಲಸದಿಂದ ತೆಗೆದ ಎರಡು ವರ್ಷದೊಳಗೆ ವಿವಾದ ಎತ್ತಬೇಕು. ಅದಕ್ಕಾಗಿ ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಚೀಟಿ, ಕಂಪನಿಯಿಂದ ಬಂದ ಪತ್ರಗಳ ಪ್ರತಿಗಳು ನಿಮ್ಮ ಬಳಿ ಇರಲಿ. ಆಫೀಸಿನ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಅವು ಸಿಗುವುದಿಲ್ಲ. ಆದರೆ ಕಂಪನಿಯ ವಿನ್ಯಾಸದ ಫೈಲುಗಳನ್ನು ತೆಗೆದುಕೊಳ್ಳಬೇಡಿ. ಅದು ನಿಮ್ಮ ಮೇಲೆಯೇ ಕೇಸು ಆಗಬಹುದು.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

1. ತಾರೀಖು ಇದೆಯೇ? 2017ರ ಸುದ್ದಿ ಇಂದಿಗೂ ಹೊಸದರಂತೆ ಸುತ್ತಬಹುದು.
2. ಯಾವ ಬಗೆಯ ಕೆಲಸ? ವಿನ್ಯಾಸವೇ, ರೆಕ್ಕೆಯೇ, ಜೋಡಣೆಯೇ, ನಿರ್ವಹಣೆಯೇ?
3. ಕಂಪನಿ ತಾನೇ ಹೇಳಿದೆಯೇ? ಷೇರುಪೇಟೆಯಲ್ಲಿರುವ ಕಂಪನಿ ಇಂಥ ದೊಡ್ಡ ನಿರ್ಧಾರವನ್ನು ತನ್ನ ವೆಬ್‌ಸೈಟಿನಲ್ಲಿ ಅಥವಾ ಷೇರುಪೇಟೆಗೆ ತಿಳಿಸುತ್ತದೆ.
4. ‘ಪ್ರಸ್ತಾಪ’ವೋ ‘ತೀರ್ಮಾನ’ವೋ? ಯುರೋಪಿನ ಹಲವು ದೇಶಗಳಲ್ಲಿ ಕಾರ್ಮಿಕ ಸಂಘಗಳ ಜೊತೆ ಮಾತುಕತೆ ಮುಗಿಯುವವರೆಗೆ ಅದು ಪ್ರಸ್ತಾಪ ಮಾತ್ರ.
5. ದುಡ್ಡು ಕೇಳಿದ್ದಾರೆಯೇ? ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ಮೊದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ ಅದು.

ಈ ಐದಕ್ಕೂ ಉತ್ತರ ಸಿಗದ ಸಂದೇಶವನ್ನು ಮುಂದೆ ಕಳಿಸಬೇಡಿ. ನಿಮ್ಮ ಗ್ರೂಪಿನಲ್ಲಿ ಯಾರ ಕೈಗಾದರೂ ರಾಜೀನಾಮೆ ಪತ್ರ ಬಂದಿದ್ದರೆ, ಮೇಲಿನ ಲೆಕ್ಕದ ಭಾಗವನ್ನು ಅವರಿಗೆ ಇವತ್ತೇ ಕಳಿಸಿ.